ಬಾಡಿಗೆ ಮನೆಯ ಟಗರಪ್ಪ

ಬಂಡೂರಿಗೆ ಹೋದ ಮೊದಲ ದಿನವೇ ಬೈಸಿಕೊಂಡೆ. ಕುರಿಗಳಿಗೆ ಲಸಿಕೆ ಹಾಕಲು ಹೋದವನು ಒಂದು ಮನೆಯ ಮುಂದೆ ಗೂಟಕ್ಕೆ ಕಟ್ಟಿದ್ದ ಟಗರಿನ ಎದುರು ಸುಮ್ಮನೆ ನಿಂತುಬಿಟ್ಟಿದ್ದೆ. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಬಾಗಿದ ಮೂಗು. ಆ ಮೂಗನ್ನು ಅಷ್ಟು ಹತ್ತಿರದಿಂದ, ಉಸಿರಾಡುತ್ತಿರುವುದನ್ನು, ನಾನು ಎಂದೂ ನೋಡಿರಲಿಲ್ಲ. ಕುರಿಯ ಯಜಮಾನ ಒಳಗಿನಿಂದಲೇ ಕೂಗಿದ: "ಏನ್ಲಾ, ದೇವ್ರು ನೋಡ್ದಂಗೆ ನೋಡ್ತಾ ನಿಂತ್ಕಂಡಿದ್ದೀಯ? ಬೆನ್ನು ಅದುಮಿ ಇಡ್ಕಳ್ಲಾ ಅದ್ನ!"

ನಾನು ನೋಡುತ್ತಿದ್ದದ್ದು ದೇವರನ್ನೇ. ಹೇಳುವುದು ಯಾರಿಗೆ? ಬಗ್ಗಿ ಕುರಿ ಹಿಡಿದುಕೊಂಡೆ.

ಗದಗ ಸೀಮೆಯ ನಮ್ಮವರಿಗೆ ಈ 'ಲಾ' ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಗುರುತಿಲ್ಲದವನನ್ನು ಬೈಯುವಾಗಲೂ 'ರೀ' ಹಚ್ಚಿಯೇ ಬೈಯುತ್ತೇವೆ. ಇಲ್ಲಿ ಮಳವಳ್ಳಿ, ಮದ್ದೂರು, ಮಂಡ್ಯದ ಕಡೆ ಸರೀಕನನ್ನು ಮಾತಾಡಿಸುವುದೇ 'ಲಾ' ಹಚ್ಚಿ. ಅದರಲ್ಲಿ ಸಿಟ್ಟಿಲ್ಲ, ಅಸಡ್ಡೆಯೂ ಇಲ್ಲ. ಇಷ್ಟು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಆ ಆರು ತಿಂಗಳೂ ಮುಖ ಗಂಟು ಹಾಕಿಕೊಂಡೇ ತಿರುಗಿದೆ. ನಾನು 'ರೀ' ಅಂದರೆ ಇವರಿಗೆ ನಗು. "ನಿಮ್ದೊಳ್ಳೆ ನಾಟಕದ ಮಾತು ಕಣಯ್ಯ" ಅನ್ನುತ್ತಾರೆ.

ಇನ್ನು ದೇವರ ವಿಷಯ. ನಾವು ಕುಂಬಾರರು. ಅಪ್ಪನ ಕಾಲಕ್ಕೇ ಕಸುಬು ಮುಗಿಯಿತು. ಮಡಕೆ ಮಾಡುವ ಚಕ್ರ, ನಮ್ಮ ಬಾಯಲ್ಲಿ ತಿಗರಿ, ದನದ ಕೊಟ್ಟಿಗೆಯ ಗೋಡೆಗೆ ಒರಗಿತು. ನಾನು ಪಶು ಇಲಾಖೆಯ ನೌಕರಿ ಹಿಡಿದೆ. ಒಂದು ದಿನ ಫೋನಿನಲ್ಲಿ ಏನನ್ನೋ ಹುಡುಕುವಾಗ ಈಜಿಪ್ಟಿನ ಹಳೆಯ ಗುಡಿಯೊಂದರ ಗೋಡೆಯ ಚಿತ್ರ ಕಂಡಿತು. ಟಗರಿನ ತಲೆಯ ಒಬ್ಬ ದೇವರು ತಿಗರಿಯ ಮುಂದೆ ಕುಳಿತು ಮಣ್ಣಿನಿಂದ ಒಂದು ಮಗುವನ್ನು ಮಾಡುತ್ತಿದ್ದಾನೆ. ಹೆಸರು ಖ್ನುಮ್. ಮನುಷ್ಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಅವನೇ ಮಾಡುವುದಂತೆ, ನೈಲ್ ನದಿಯ ನೀರನ್ನು ಬಿಡುವುದೂ ಅವನೇ ಅಂತೆ. ನಮ್ಮಪ್ಪ ಹೇಗೆ ಕೂರುತ್ತಿದ್ದನೋ ಹಾಗೇ ಕುಳಿತಿದ್ದ. ಚಿತ್ರವನ್ನು ದೊಡ್ಡದು ಮಾಡಿ ಮತ್ತೆ ಮತ್ತೆ ನೋಡಿದೆ. ಕುಂಬಾರನನ್ನು ಹೊರಗಿನ ಜಗುಲಿಯಲ್ಲಿ ನಿಲ್ಲಿಸಿ ಮಡಕೆ ಕೊಳ್ಳುವುದನ್ನು ನೋಡಿ ಬೆಳೆದವನು ನಾನು. ಕುಂಬಾರನೇ ದೇವರಾಗಿ ಕುಳಿತದ್ದನ್ನು ಅಂದೇ ನೋಡಿದ್ದು.

ಆ ದೇವರುಗಳನ್ನು ಈಗಲೂ ಪೂಜಿಸುವವರಿದ್ದಾರೆ ಎಂದು ಆಮೇಲೆ ತಿಳಿಯಿತು. ಗುಡಿಯಿಲ್ಲ, ಪೂಜಾರಿಯಿಲ್ಲ, ಅವರವರ ಮನೆಯಲ್ಲಿ ಅವರವರೇ. ನಾವು ಐದು ಮಂದಿ ಭಾನುವಾರ ಫೋನಿನಲ್ಲಿ ಸೇರುತ್ತೇವೆ. ಕೆನಡಾದ ಒಬ್ಬ ನರ್ಸ್, ಪೋರ್ಚುಗಲ್ಲಿನ ಒಬ್ಬ ನಿವೃತ್ತ ಬಸ್ ಡ್ರೈವರ್, ಹೀಗೆ. ಸೂರ್ಯ ಹುಟ್ಟುವ ಮೊದಲು ಸ್ನಾನ; ಉಪ್ಪು, ಅಡುಗೆ ಸೋಡ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸುವುದು, ಈಜಿಪ್ಟಿನ ಪೂಜಾರಿಗಳು ಬಳಸುತ್ತಿದ್ದ ಕೆರೆಯ ಉಪ್ಪಿಗೆ ಬದಲಿಯಾಗಿ; ಬಿಳಿ ಬಟ್ಟೆ, ದೀಪ, ಒಂದು ಲೋಟ ನೀರು, ರೊಟ್ಟಿ. 'ದುಆ ಖ್ನುಮ್' ಅನ್ನುತ್ತೇವೆ, ನಿನಗೆ ನಮನ ಎಂದರ್ಥ. ಎಡೆ ಇಟ್ಟದ್ದನ್ನು ಆಮೇಲೆ ನಾವೇ ಉಣ್ಣುತ್ತೇವೆ. ಅವ್ವನಿಗೆ ಹೇಳಿದಾಗ ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. "ಯಾಕಪಾ, ನಮ್ಮ ದೇವ್ರೆಲ್ಲಾ ಸತ್ತ್ಹೋಗ್ಯಾರೇನು, ಹೊರಗಿಂದ ತರಸಾಕ?" ಅಂದಳು. ಆದರೂ ಮೂರ್ತಿ ಮಾಡಲು ನಮ್ಮೂರ ಕೆರೆಯ ಮಣ್ಣನ್ನು ನಾದಿ ಕೊಟ್ಟವಳು ಅವಳೇ. ಗೇಣುದ್ದದ ಮೂರ್ತಿ, ತಿಗರಿಯ ಮೇಲೆ ಮಗುವನ್ನು ಹಿಡಿದು ಕುಳಿತದ್ದು. ಆವಿಗೆಯಲ್ಲಿ ಸುಡದೆ ನೆರಳಲ್ಲಿ ಒಣಗಿಸಿದೆ.

ವರ್ಗವಾಗಿ ಇಷ್ಟು ದೂರ ಬರುವಾಗ ಅದನ್ನು ಪಂಚೆಯಲ್ಲಿ ಸುತ್ತಿ ತಂದೆ. ಮಂಡ್ಯದಲ್ಲಿ ವಿ.ಸಿ. ಫಾರಂ ಹತ್ತಿರದ ಒಂದು ರೂಮಿನಲ್ಲಿ ನಾಲ್ಕು ತಿಂಗಳು, ಆಮೇಲೆ ಮದ್ದೂರಿನಲ್ಲಿ ಒಂದು ಮನೆ. ಮದ್ದೂರಿನ ಮಾಲೀಕರು ಒಂದು ಬೆಳಗ್ಗೆ ಕಿಟಕಿಯಿಂದ ನೋಡಿಬಿಟ್ಟರು. ಬಿಳಿ ಬಟ್ಟೆ, ಟಗರಿನ ತಲೆ, ಗೊತ್ತಿಲ್ಲದ ಭಾಷೆ. ಮಾಟ ಮಾಡುವವನೆಂದು ಬೀದಿಯಲ್ಲೆಲ್ಲ ಹಬ್ಬಿತು. ಒಂದು ವಾರದಲ್ಲಿ ಮನೆ ಬಿಡಿಸಿದರು. ಅಂದಿನಿಂದ ನನ್ನ ದೇವರು ಟ್ರಂಕಿನೊಳಗೆ. ಬೆಳಗ್ಗೆ ತೆಗೆ, ಕೂರಿಸು, ಎಡೆ ಇಡು, ಮತ್ತೆ ಸುತ್ತು, ಬೀಗ ಹಾಕು. ವರ್ಷದ ಮೇಲೆ ಇದನ್ನೇ ಮಾಡಿದೆ. ಎಷ್ಟು ದಣಿದಿದ್ದೆನೆಂದರೆ, ಒಮ್ಮೊಮ್ಮೆ ತೆಗೆಯುವುದೇ ಬೇಡ ಅನ್ನಿಸುತ್ತಿತ್ತು. ದೇವರನ್ನು ಎದುರಿಗೇ ಇಟ್ಟುಕೊಂಡು ಬಾಳುವ ಒಂದು ಮನೆ, ಅಷ್ಟೇ ನನಗೆ ಬೇಕಾಗಿದ್ದದ್ದು.

ಮಳವಳ್ಳಿಯಲ್ಲಿ ನಿಂಗಮ್ಮನವರ ಮನೆಯ ಮಹಡಿ ಸಿಕ್ಕಿತು. ಅರವತ್ತೈದರ ಹೆಂಗಸು, ಗೌಡರ ಮನೆತನ. ಗಂಡ ಪುಟ್ಟಸ್ವಾಮಿ ಬ್ಲಫ್‌ನ ಹೊಳೆ ನೀರಿನಿಂದ ಕರೆಂಟು ತೆಗೆಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಿಂಗಮ್ಮ ಮೊದಲು ಕೇಳಿದ್ದೇ "ಯಾವ ಜನ?" ಎಂದು. ಹೇಳಿದೆ. ಎರಡನೆಯ ಪ್ರಶ್ನೆ: "ಬಾಡು ತಿಂತೀರಾ?" ಬಾಡು ಅಂದರೆ ಮಾಂಸ. ತಿನ್ನುವುದಿಲ್ಲ ಎಂದೆ, ಟಗರಿನ ದೇವರನ್ನು ಹಿಡಿದವನು ತಿನ್ನುವುದು ಹೇಗೆ? ಆದರೆ ಕಾರಣ ಹೇಳಲಾಗದೆ, ಹೊಟ್ಟೆಗೆ ಆಗಿಬರುವುದಿಲ್ಲ, ಡಾಕ್ಟರು ಬೇಡ ಅಂದಿದ್ದಾರೆ ಎಂದುಬಿಟ್ಟೆ. ಬಂಡೂರು ಮರಿಯ ಬಾಡು ತಿನ್ನಲಾಗದವನು ಇವರ ಕಣ್ಣಿಗೆ ರೋಗಿಯೇ. ಇಡೀ ಬೀದಿ ನನ್ನ ಹೊಟ್ಟೆ ವಿಚಾರಿಸತೊಡಗಿತು. ನಿಂಗಮ್ಮ ದಿನಾ ಒಂದು ಮುದ್ದೆ, ಬಸ್ಸಾರು ಕಳಿಸತೊಡಗಿದರು. ಜೋಳದ ರೊಟ್ಟಿ ಮುರಿದು ಅಗಿದು ತಿಂದವನಿಗೆ ಮುದ್ದೆ ನುಂಗುವುದು ಸುಲಭವಲ್ಲ. "ಅಗೀಬ್ಯಾಡ ಕಣಪ್ಪ, ಬುಡು ಒಳಕ್ಕೆ!" ಎಂದು ಕೆಳಗಿನಿಂದ ಕೂಗುತ್ತಿದ್ದರು. ಖ್ನುಮನಿಗೂ ರೊಟ್ಟಿ ತಪ್ಪಿ ಮುದ್ದೆಯ ಎಡೆಯಾಯಿತು. ಅವನು ಗೊಣಗಲಿಲ್ಲ, ನಾನೇ ಗೊಣಗಿದ್ದು.

ಒಂದು ಬೆಳಗ್ಗೆ ಆಫೀಸಿನಿಂದ ಅವಸರದ ಕರೆ ಬಂತು. ದೇವರನ್ನು ಟ್ರಂಕಿಗೆ ಹಾಕುವುದನ್ನು ಮರೆತು ಓಡಿದೆ. ಅಂದೇ ಮಹಡಿಯ ನಲ್ಲಿ ಸೋರಬೇಕೆ? ನಿಂಗಮ್ಮ ತಮ್ಮ ಹತ್ತಿರದ ಬೀಗದ ಕೈಯಿಂದ ಬಾಗಿಲು ತೆಗೆದಿದ್ದಾರೆ. ಮಧ್ಯಾಹ್ನ ಬಂದಾಗ ಜಗುಲಿಯ ಮೇಲೆ ಕಾಯುತ್ತಿದ್ದರು. ಮುಗಿಯಿತು, ಮೂರನೆಯ ಮನೆಯೂ ಹೋಯಿತು ಅಂದುಕೊಂಡೆ.

"ಡಾಕ್ಟ್ರೇ, ನಿಮ್ಗೆ ಯಾರೂ ಬುದ್ಧಿ ಯೋಳ್ನಿಲ್ವಾ? ದಕ್ಸನ್ನ ಒಬ್ಬನ್ನೇ ಮನೇಲಿ ಮಡೀಕಂಡವ್ರಾ ಯಾರಾದ್ರೂವೆ?"

ನಾನು ಡಾಕ್ಟರಲ್ಲ, ಸಾಮಾನ್ಯ ಪಶು ಪರೀಕ್ಷಕ. ಅದನ್ನು ತಿದ್ದುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಆದರೆ ದಕ್ಷ? ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವರ ಮನೆದೇವರು ವೀರಭದ್ರ. ಶಿವನನ್ನು ಹೀಯಾಳಿಸಿದ ದಕ್ಷನ ತಲೆಯನ್ನು ಕಡಿದವನು. ಆ ಮುಂಡಕ್ಕೆ ಆಮೇಲೆ ಕುರಿಯ ತಲೆ ಕೂಡಿಸಿದರು. ವೀರಭದ್ರನ ಗುಡಿಗಳಲ್ಲಿ ಅವನು ಪಾದದ ಬಳಿ ಕೈಮುಗಿದು ನಿಂತಿರುತ್ತಾನೆ. ಕುರಿಯ ತಲೆಯ ಮೂರ್ತಿ ಕಂಡರೆ ಇವರಿಗೆ ಅವನಲ್ಲದೆ ಇನ್ಯಾರು?

"ಸಿವನ್ನೇ ಬೋದು ತಲೆ ಕಳ್ಕಂಡೋನು ಅವ್ನು. ಈರಭದ್ರಪ್ಪನ ಕಾಲ್ತಾವ ಇದ್ರೆ ಸರಿ. ಒಂಟಿಯಾಗಿ ಮಡಗಿದ್ರೆ ಮನೆ ಉಳೀತದಾ? ಅದ್ಕೇ ನಿಮ್ಮ ಒಟ್ಟೆ ಕೆಟ್ಟಿರಾದು!"

ಮೇಲೆ ಹೋಗಿ ನೋಡಿದರೆ ಗೋಡೆಗೆ ಮೊಳೆ ಹೊಡೆದು ವೀರಭದ್ರನ ಪಟ ತೂಗುಹಾಕಿದ್ದರು. ಖ್ನುಮನ ಹಣೆಗೆ ವಿಭೂತಿ. ನಾನು ಮಾತೆತ್ತಬೇಕಿತ್ತು. "ಗೊತ್ತಿರಲಿಲ್ರೀ ಅವ್ವಾರ" ಅಂದೆ.

ಆರು ವಾರ ಹಾಗೇ ನಡೆಯಿತು. ಏನು ಹೇಳಲಿ, ಸುಖವಾಗಿತ್ತು! ದೇವರು ಗೋಡೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿದ್ದ. ಬೆಳಗ್ಗೆ ದಕ್ಷನ ಹೆಸರೆತ್ತಬಾರದೆಂದು ನಿಂಗಮ್ಮ ಅವನನ್ನು 'ಟಗರಪ್ಪ' ಎಂದು ಕರೆದರು, ಹೂವು ತಂದು ಇಬ್ಬರಿಗೂ ಮುಡಿಸಿದರು. ಆದರೆ 'ದುಆ' ಅನ್ನುವಾಗ ನನ್ನ ಬಾಯಿ ತಡೆಯುತ್ತಿತ್ತು. ಮನುಷ್ಯರನ್ನು ಮಾಡುವವನನ್ನು, ತಪ್ಪು ಮಾಡಿ ಸಿಕ್ಕಿಬಿದ್ದ ದಕ್ಷನ ಹೆಸರಿನಲ್ಲಿ ಕೂರಿಸಿದ್ದೆ. ಭಾನುವಾರ ಫೋನಿನಲ್ಲಿ ಹೇಳಿದಾಗ ಬಸ್ ಡ್ರೈವರ್ ಮುದುಕ ನಕ್ಕ, ದೇವರಿಗೆ ಹೆಸರು ಒಂದೇ ಇರಬೇಕೆಂದಿಲ್ಲ ಎಂದ.

ಕಾರ್ತೀಕದ ಕೊನೆಯ ಸೋಮವಾರಕ್ಕೆ ಎರಡು ದಿನ ಮುಂಚೆ ನಿಂಗಮ್ಮ ಮೇಲೆ ಬಂದು ಮೂರ್ತಿಯನ್ನು ದಿಟ್ಟಿಸಿದರು.

"ಯಾರು ಮಾಡಿದ್ದು ಇದ್ನ?"

"ನಾನ ರೀ."

"ತಪ್ಪು ಮಾಡಿದ್ದೀಯ ಕಣಪ್ಪ. ದಕ್ಸ ಕೈಮುಗೀಬೇಕು. ಇವ್ನು ಯಾವ್ದೋ ಮೊಗೀನ ಇಡ್ಕಂಡು ಕುಂತವ್ನೆ. ಸೋಮಾರ ಪೂಜೆಗೆ ನಂಟ್ರು ಬತ್ತಾರೆ, ನೋಡಿದ್ರೆ ನಗ್ತಾರೆ. ಸುಟ್ಟಿಲ್ವಲ್ಲ, ಅಸಿ ಮಣ್ಣಲ್ವಾ? ಒಸಿ ನೀರಾಕಿ ಕೈ ಜೋಡ್ಸು."

ಅವರು ಹೇಳಿದ್ದು ಸರಿ. ಅರ್ಧ ಗಂಟೆಯ ಕೆಲಸ. ಕೈ ಜೋಡಿಸಿದರೆ ಮನೆ ಉಳಿಯುತ್ತದೆ, ಮುಂದೆ ಯಾರೂ ಏನೂ ಕೇಳುವುದಿಲ್ಲ. ಮರುದಿನ ಬೆಳಗ್ಗೆ ಬಟ್ಟಲಲ್ಲಿ ನೀರಿಟ್ಟುಕೊಂಡು ಕುಳಿತೆ. ಬೆರಳು ಒದ್ದೆ ಮಾಡಿ ಮಣಿಕಟ್ಟಿನ ಮೇಲೆ ಒತ್ತಿದೆ, ಮಣ್ಣು ಮೆತ್ತಗಾಯಿತು. ಆಗ ಅಪ್ಪ ನೆನಪಾದ. ತಿಗರಿ ಬಿಟ್ಟ ಮೇಲೆ ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತಿದ್ದ. ಯಾರಾದರೂ ದೊಡ್ಡವರು ದಾರಿಯಲ್ಲಿ ಬಂದರೆ ಎದ್ದು ಮುಗಿಯುತ್ತಿದ್ದ. ಇವನ ಕೈಯನ್ನೂ ನಾನೇ ತಿಗರಿಯಿಂದ ತೆಗೆಸಬೇಕೆ? ಆಗಲಿಲ್ಲ. ಮನೆ ಹೋದರೆ ಹೋಗಲಿ ಅನ್ನಿಸಿತು. ಅಳು ಬಂತು.

ಕೆಳಗಿಳಿದು ಹೋದೆ. ನಿಂಗಮ್ಮ ಅವರೆಕಾಯಿ ಸುಲಿಯುತ್ತಿದ್ದರು, ಪುಟ್ಟಸ್ವಾಮಿ ಪೇಪರ್ ಓದುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ದಕ್ಷನಲ್ಲ, ಬೇರೆ ದೇಶದ ದೇವರು, ಕುಂಬಾರ, ಮಕ್ಕಳನ್ನು ಮಾಡುವವನು, ನದಿಗೆ ನೀರು ಬಿಡುವವನು. ಹೊಟ್ಟೆನೋವಿನ ಸುಳ್ಳನ್ನೂ ಹೇಳಿದೆ.

"ನೀರು ಬುಡೋನಾ?" ಪುಟ್ಟಸ್ವಾಮಿ ಪೇಪರ್ ಇಳಿಸಿದರು. "ಅಂಗಾರೆ ನಮ್ಮ ಕಡೆಯೋನೇ ಬುಡು."

ನಿಂಗಮ್ಮ ನಗಲಿಲ್ಲ. "ಆರು ವಾರ! ಆರು ವಾರ ಇಬ್ರಿಗೂ ಊವ ಮುಡಿಸ್ನಲ್ಲೋ! ಕೇಳ್ದಾಗ ಯೋಳಕ್ಕೆ ಏನ್ ದಾಡಿಯಾಗಿತ್ತು ನಿಂಗೆ?"

"ಮನಿ ಖಾಲಿ ಮಾಡ್ತೀನ್ರೀ ಅವ್ವಾರ."

"ಖಾಲಿ ಮಾಡು ಅಂದ್ನಾ ನಾನು? ಯಾವ ದೇವ್ರನಾರಾ ಮಡೀಕೊ. ಸುಳ್ಳು ಯಾಕ್ಲಾ ಯೋಳ್ದೆ?"

ಅವರು ನನಗೆ 'ಲಾ' ಅಂದದ್ದು ಅದೇ ಮೊದಲು. ಸುಲಿಯುತ್ತಿದ್ದ ಕಾಯಿ ಬಿಟ್ಟು ಎದ್ದು, ಮಂಡಿ ಹಿಡಿದುಕೊಂಡು ಮಹಡಿ ಹತ್ತಿದರು. ಹಿಂದೆಯೇ ಹೋದೆ. ವೀರಭದ್ರನ ಪಟವನ್ನು ಇಳಿಸಿ ಸೆರಗಿನಿಂದ ಒರೆಸಿ ಎದೆಗೆ ಒತ್ತಿಕೊಂಡರು. ಖ್ನುಮನ ಹಣೆಯ ವಿಭೂತಿಯನ್ನೂ ಒರೆಸಿದರು. ಬಾಗಿಲವರೆಗೆ ಹೋದವರು ನಿಂತರು. ಮೂರ್ತಿಯ ಕೈಯೊಳಗಿನ ಆ ಹೆಬ್ಬೆಟ್ಟಿನಷ್ಟು ಮಗುವನ್ನು ನೋಡುತ್ತಿದ್ದರು.

"ಎಲ್ಲಾ ಮಕ್ಕಳ್ನೂ ಇವ್ನೇ ಮಾಡಾದಾ?"

"ಹಂಗಂತ ನಂಬೇವ್ರೀ."

"ನಂದೊಂದು ಗಂಡು ಮೊಗ. ಒಂಬತ್ತು ದಿನ ಇತ್ತು. ಇವ್ರು ಬ್ಲಫ್ಫಲ್ಲಿ ಡ್ಯೂಟೀಲಿದ್ರು, ಮೊಕಾನೂ ನೋಡ್ನಿಲ್ಲ." ಅವರ ದನಿ ಏರಲಿಲ್ಲ. "ಅದ್ನೂ ಇವ್ನೇ ಮಾಡಿದ್ರೆ, ಅರ್ದಕ್ಕೇ ಯಾಕೆ ಕೈ ತಗ್ದ ಅಂತ ಕೇಳು."

ಪಟವನ್ನು ಹಿಡಿದುಕೊಂಡು ಕೆಳಗಿಳಿದು ಹೋದರು.

ಸೋಮವಾರ ಅವರ ಪೂಜೆ ಕೆಳಗೆ ನಡೆಯಿತು. ನನ್ನನ್ನು ಕರೆಯಲಿಲ್ಲ. ಹತ್ತು ದಿನ ಮುದ್ದೆ ಬರಲಿಲ್ಲ, ಆಮೇಲೆ ಬಂತು. ಈಗ ದೇವರು ಹಗಲು ಹೊತ್ತಿನಲ್ಲೂ ಗೂಡಿನಲ್ಲೇ ಇರುತ್ತಾನೆ, ಒಬ್ಬನೇ, ತನ್ನ ಹೆಸರಿನಲ್ಲೇ. ಬೇಕಾದದ್ದು ಸಿಕ್ಕಿತು. ಆದರೂ ಬೆಳಗ್ಗೆ ಕೂತಾಗ ಪಕ್ಕದ ಬರಿ ಗೋಡೆ ಕಣ್ಣಿಗೆ ಚುಚ್ಚುತ್ತದೆ. ವೀರಭದ್ರನ ಅಭ್ಯಾಸವಾಗಿಬಿಟ್ಟಿತ್ತು ನನಗೆ.

ಅವ್ವ ಫೋನು ಮಾಡಿ ಯಾವಾಗ ಊರಿಗೆ ಬರ್ತೀ ಎಂದು ಕೇಳುತ್ತಾಳೆ. ಗದಗಿಗೆ ವರ್ಗಕ್ಕೆ ಅರ್ಜಿ ಬರೆದು ಇಟ್ಟಿದ್ದೇನೆ, ಕೊಟ್ಟಿಲ್ಲ. ಊರು ಬೇಡವೆಂದಲ್ಲ. ಜೋಳದ ಹೊಲದ ಗಾಳಿ, ನನ್ನ ಮಾತಿಗೆ ನಗದ ಜನ, ಎಲ್ಲ ಬೇಕು. ಆದರೆ ದಿನಾ ಬೆಳಗ್ಗೆ ದೇವರ ಮುಂದೆ ನಾನು ಮೊದಲು ಕೇಳುವುದು ನನ್ನ ಪ್ರಶ್ನೆಯನ್ನಲ್ಲ, ಕೆಳಗಿನ ಮನೆಯವರದ್ದನ್ನು. ಅದೂ ಅವರ ಮಾತಿನಲ್ಲೇ, ಅರ್ದಕ್ಕೇ ಯಾಕೆ ಕೈ ತಗ್ದೆ ಎಂದು. ನನ್ನ ಗದಗಿನ ಮಾತಿನಲ್ಲಿ ಕೇಳಿದರೆ ಅದು ಬೇರೆ ಯಾರದೋ ಮಗುವಾಗುತ್ತದೆ.

ಮೊನ್ನೆ ಕೆಲಸಕ್ಕೆ ಇಳಿದು ಹೋಗುವಾಗ ನಿಂಗಮ್ಮ ಬಾಗಿಲ ಬಳಿ ತಡೆದರು.

"ಏನಾರಾ ಅಂದ್ನಾ ನಿಮ್ಮೋನು?"

"ಇಲ್ಲ ಕಣವ್ವ."

"ಕೇಳ್ತಾ ಇರು. ನಮ್ಮೋನೂ ಏನೂ ಅಂದಿಲ್ಲ, ನಾನೂ ನಲವತ್ತು ವರ್ಸದಿಂದ ಕೇಳ್ತಾನೇ ಇವ್ನಿ."