ಸುಮ್ಮನೆ ಇರುವ ಅಕ್ಷರ

ಹೆಂಡತಿ ತೀರಿಕೊಂಡು ತಿಂಗಳಾದ ದಿನ, ಇಲ್ಲಿ ಗಲ್ಫಿನಲ್ಲಿ, ಮಿರ್ದಿಫ್‌ನ ನಮ್ಮ ಫ್ಲ್ಯಾಟಿನಲ್ಲಿ ಪ್ರಾರ್ಥನೆ ಇಟ್ಟುಕೊಂಡಿದ್ದೆವು. ಕೊನೆಗೆ ಮನೆಯವರೊಬ್ಬರು ಎದ್ದು ತೀರಿಹೋದವರ ಬಗ್ಗೆ ನಾಲ್ಕು ಮಾತಾಡಬೇಕು. ಬಂದವರಲ್ಲಿ ಮಲಯಾಳಿಗಳು, ಫಿಲಿಪಿನೋಗಳು ಇದ್ದುದರಿಂದ ಇಂಗ್ಲಿಷೇ ಗತಿ.

ನಾನು ಕನ್ನಡ ಮಾಧ್ಯಮದವನು. ಇಂಗ್ಲಿಷನ್ನು ಬರೆದ ಹಾಗೆಯೇ ಓದುತ್ತೇನೆ. ಅವಳು ಇಲ್ಲಿ ಟೀಚರಾಗಿದ್ದಳು. ನಾನು ‘ಕೋಂಬ್’ ಅಂದರೆ ಸಾಕು, ಬಾಚಣಿಗೆ ಎತ್ತಿ ಹಿಡಿದು, “ಕೋಮ್ ಮಾರಾಯ್ರೆ, ಕೋಮ್! ಕಡೆಯ ಬಿ ಹೇಳ್ಲಿಕ್ಕಿಲ್ಲ, ಸುಮ್ಮನೆ ಉಂಟು” ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನನಗೆ ರೇಗುತ್ತಿತ್ತು. ಕೆಲಸವಿಲ್ಲದ ಅಕ್ಷರಕ್ಕೆ ವೀಸಾ ಕೊಟ್ಟವರು ಯಾರು? ಈ ಊರಲ್ಲಿ ಕೆಲಸ ಹೋದರೆ ನಮ್ಮನ್ನು ವಿಮಾನ ಹತ್ತಿಸುತ್ತಾರೆ.

ಇಲ್ಲೇ ಹುಟ್ಟಿ ಬೆಳೆದ ಮಗಳೂ ತಾಯಿಯ ಹಾಗೆ ನನ್ನನ್ನು ತಿದ್ದುತ್ತಿದ್ದಳು. ತಾಯಿ ಹೋದ ಮೇಲೆ ಅದನ್ನೂ ಬಿಟ್ಟಳು. ಇಬ್ಬರೂ ಅಂಗಡಿಯ ಕುಬ್ಬೂಸ್ ರೊಟ್ಟಿ ತರಿಸಿ ತಿನ್ನುತ್ತಿದ್ದೆವು, ಟಿವಿ ನೋಡುತ್ತಿದ್ದೆವು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಮಾತಾಡಬೇಕಾದವನು ನಾನೇ ಆದ್ದರಿಂದ ಮಗಳ ಗೆಳತಿಯರ ಎದುರು ಅವಳ ಮಾನ ಕಳೆಯಬಾರದು ಎಂಬ ಚಿಂತೆ ಮಾತ್ರ ಇತ್ತು.

“ಪಪ್ಪಾ, ಐ ವಿಲ್ ಟೈಪ್ ಇಟ್,” ಎಂದಳು. ಬೇಡವೆಂದೆ. ನಮ್ಮ ಕಾಲದಲ್ಲಿ ಇಂಟರ್ವ್ಯೂಗೆ ಮಾಡಿಕೊಳ್ಳುತ್ತಿದ್ದ ಹಾಗೆ ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ.

ಪ್ರಾರ್ಥನೆ ಮುಗಿದ ಮೇಲೆ ಚೀಟಿ ಹಿಡಿದು ಎದ್ದು ಎರಡು ಸಾಲು ಓದಿದೆ. ಆಮೇಲೆ ನಾಲಿಗೆ ಏಳಲಿಲ್ಲ. ಎಲ್ಲರೂ ಕಾಯುತ್ತಿದ್ದರು, ಎಸಿ ಸದ್ದು ಮಾಡುತ್ತಿತ್ತು. ಮಗಳು ಬಂದು ಚೀಟಿ ತೆಗೆದುಕೊಂಡಳು, ನೋಡಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಬರೆಯುವಾಗ ಅದು ನನಗೆ ಹೊಳೆದೇ ಇರಲಿಲ್ಲ.

“ಯು ಟೆಲ್ ಮಿ, ಪಪ್ಪಾ. ಮೆಲ್ಲ,” ಎಂದು ಕಿವಿ ಕೊಟ್ಟಳು.

ನಾನು ಒಂದೊಂದೇ ಸಾಲು ಪಿಸುಗುಟ್ಟಿದೆ, ಅವಳು ಗಟ್ಟಿಯಾಗಿ ಹೇಳಿದಳು. ನನ್ನ ‘ವೆಡ್ನೆಸ್‌ಡೇ’ ಅವಳ ಬಾಯಲ್ಲಿ ‘ವೆನ್ಸ್‌ಡೇ’ ಆಯಿತು, ‘ಲಿಸ್ಟನ್’ ‘ಲಿಸನ್’ ಆಯಿತು. ಸದ್ಯ ಮಾನ ಉಳಿಯಿತು ಅಂದುಕೊಂಡೆ.

ಕೊನೆಯ ಸಾಲು ಅವಳದೇ ತಲೆಕೂದಲಿನದು. ಸ್ಕೂಲ್ ಬಸ್ಸು ಬರುವ ಮೊದಲು ದಿನಾ ಅವಳ ತಾಯಿ ತಲೆ ಬಾಚುತ್ತಿದ್ದುದನ್ನು ಬರೆದಿದ್ದೆ. ಪಿಸುಗುಟ್ಟಿದೆ. ಅವಳು ನನ್ನ ಕಡೆ ನೋಡಿ ಹೇಳಿದಳು:

“ಎವ್ರಿ ಮಾರ್ನಿಂಗ್, ಮಮ್ಮಿ ಕೋಂಬ್ಡ್ ಮೈ ಹೇರ್.”

ನನ್ನ ಹಾಗೆಯೇ, ಬಿ ಸಮೇತ, ಎಲ್ಲರಿಗೂ ಕೇಳುವಂತೆ.

ಯಾರೂ ನಗಲಿಲ್ಲ. ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಆಗ ನನಗೆ ಅಳು ಬಂತು.