ಕಾಕಾ ಹೇಳಿದ ಸಾಕ್ಷಿ

ಗದಗದ ಕಡೆಯ ಕ್ರೈಸ್ತ ಮನೆತನ ನಮ್ಮದು. ವಿಮಾನ ನಗರದ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿ ಪುಣೆಗೆ ಬಂದಾಗ ನನಗೆ ಇಲ್ಲಿ ಒಬ್ಬರೂ ಪರಿಚಯವಿರಲಿಲ್ಲ. ಮರಾಠಿಯವರ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ ಕನ್ನಡದವರು ಸೇರುತ್ತಾರೆ ಎಂದು ಯಾರೋ ಹೇಳಿದರು. ಹೋದೆ. ಬಾಗಿಲಲ್ಲಿ ನಿಂತು ಬಂದವರ ಕೈ ಹಿಡಿದು ಒಳಗೆ ಕರೆಯುತ್ತಿದ್ದವರು ನಮ್ಮ ಸಭೆಯ ಹಿರಿಯರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಆ ವರ್ಷ ನನಗೆ ಡೆಂಗ್ಯೂ ಬಂತು. ಹನ್ನೊಂದು ದಿನ ಕಾಕಾ ಸ್ಕೂಟರಿನ ಮೇಲೆ ಗಂಜಿಯ ಡಬ್ಬಿ ತಂದುಕೊಟ್ಟರು. ಮಂಚದ ಹತ್ತಿರ ನಿಂತು ಎರಡೇ ಮಾತಿನ ಪ್ರಾರ್ಥನೆ ಮಾಡಿ ಹೊರಡುತ್ತಿದ್ದರು. ಅಪ್ಪ ಅಂದರೆ ಹೀಗಿರಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ. ನನ್ನ ಅಪ್ಪ ನಾನು ಹತ್ತು ವರ್ಷದವಳಿದ್ದಾಗ ಇನ್ನೊಬ್ಬಾಕೆಯ ಜೊತೆ ಹುಬ್ಬಳ್ಳಿಗೆ ಹೋಗಿ ಅಲ್ಲೇ ಉಳಿದಿದ್ದ. ಅವ್ವ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದಳು.

ಕರ್ತನು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಸಭೆಯ ಮುಂದೆ ಎದ್ದು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಕಾಕಾ ತಮ್ಮ ಸಾಕ್ಷಿ ಹೇಳಿದರೆ ಇಡೀ ಸಭೆ ಅಳುತ್ತಿತ್ತು. ಅವರಿಗೆ ಪುಣೆಯ ಹತ್ತಿರದ ಭೋರ್‌ನಲ್ಲಿ ಒಬ್ಬ ತಮ್ಮನಿದ್ದ, ದರ್ಜಿ. ತಾಯಿಯ ಮಣ್ಣಿಗೂ ಬಂದಿರಲಿಲ್ಲ. ಕಾಕಾ ಹನ್ನೆರಡು ವರ್ಷ ಅವನ ಹೆಸರೆತ್ತಲಿಲ್ಲ. ಕೊನೆಗೊಂದು ದಿನ ಕರ್ತನು ಒಳಗಿಂದ ನೂಕಿದಂತಾಗಿ ಬಸ್ಸು ಹತ್ತಿದರು. ನೀಲಿ ಬಾಗಿಲು ತಟ್ಟಿದರು. ಬಕೆಟ್ಟಿನಲ್ಲಿ ನೀರು ತರಿಸಿ ತಮ್ಮನ ಕಾಲು ತೊಳೆದರು. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು.

ಅಪ್ಪನಿಗೆ ಲಕ್ವ ಹೊಡೆದಿದೆ ಎಂಬ ಸುದ್ದಿ ಬಂದಾಗ ನಾನು ಕಾಕಾನ ಮುಂದೆ ಕೂತು, ಹೋಗುವುದಿಲ್ಲ ಅಂದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು.

"ನನಗೂ ಮನಸ್ಸಿರಲಿಲ್ಲ ಯವ್ವಾ. ಬಾಗಿಲಾ ತಟ್ಟೂದಷ್ಟ ನಿನ್ನ ಕೆಲಸ. ಮುಂದಿಂದು ಕರ್ತ ಮಾಡ್ತಾನ."

ಹುಬ್ಬಳ್ಳಿಗೆ ಹೋದೆ. ಅಪ್ಪ ಸೊಟ್ಟ ಬಾಯಲ್ಲಿ, "ಊಟ ಆತೇನು?" ಎಂದು ಕೇಳಿದ. ಅಷ್ಟೇ. ನಾನು ಅವನ ಪಕ್ಕದಲ್ಲಿ ಕೂತು ಅತ್ತೆ. ಮರುದಿನ ಅವ್ವ ಫೋನಿನಲ್ಲಿ ಕೇಳಿದಳು.

"ಅವನ ಮನ್ಯಾಗ ನೀರು ಕುಡದಿಯೇನು?"

"ಕುಡದೆ."

ಅವ್ವ ಫೋನ್ ಇಟ್ಟಳು. ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆ ವರ್ಷವನ್ನು ನಾನು ಕಾಕಾನ ಸಾಕ್ಷಿಯನ್ನು ನೆನೆದೇ ಕಳೆದೆ.

ಹೋದ ವರ್ಷ ಭೋರ್‌ನ ಚರ್ಚಿನಲ್ಲಿ ಹಾಡಲು ನಮ್ಮ ಹೆಂಗಸರ ಕೂಟವನ್ನು ಕರೆದಿದ್ದರು. ಹಾಡು ಮುಗಿದ ಮೇಲೆ ನನಗೆ ಆ ತಮ್ಮನನ್ನು ನೋಡುವ ಆಸೆಯಾಯಿತು. ಕನ್ನಡದ ದರ್ಜಿ ಎಂದು ಕೇಳಿದೊಡನೆ ಜನ ಪೇಟೆಯ ಅಂಗಡಿ ತೋರಿಸಿದರು. ಕಾಕಾನದೇ ಮೂಗು, ಕಾಕಾನದೇ ಹಣೆ.

"ನಾನು ನಿಮ್ಮಣ್ಣಾರ ಸಭೆಯಾಕಿ ರೀ," ಅಂದೆ.

ಅವರು ಹೊಲಿಗೆ ಮಿಷನ್ನಿನ ಮೇಲಿಂದ ಕಾಲು ತೆಗೆದರು. "ಆರಾಮ ಅದಾನೇನು?"

"ಭಾಳ ಆರಾಮ ಅದಾರ್ರಿ. ಅವರು ನಿಮ್ಮ ಕಾಲು ತೊಳದದ್ದು ಕೇಳೇ ನಾ ನಮ್ಮಪ್ಪನ ಕಡೆ ಹೋದೆ."

"ಯಾರ ಕಾಲು?"

ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ಒಮ್ಮೆ ಬಂದಿದ್ದ, ಅದು ಖರೆ. ಎದುರಿಗೆ ಆ ಚಹಾದ ಅಂಗಡಿ ಅದಲ್ಲ, ಅಲ್ಲಿ ಅರ್ಧ ತಾಸು ಕೂತಿದ್ದ. ನಾ ಇಲ್ಲಿಂದ ನೋಡಾಕತ್ತಿದ್ದೆ. ಆಮ್ಯಾಲೆ ಎದ್ದು ಸ್ಟ್ಯಾಂಡಿನ ಕಡೆ ಹೋದ. ನಾನೂ ಕರೀಲಿಲ್ಲ."

ವಾಪಸು ಬರುವಾಗ ಉಳಿದವರು ಬಸ್ಸಿನಲ್ಲಿ ಹಾಡುತ್ತಲೇ ಇದ್ದರು. ನಾನು ಹಾಡಿನ ಪುಸ್ತಕವನ್ನು ಚೀಲಕ್ಕೆ ಹಾಕಿದೆ.

ಬುಧವಾರ ಕಾಕಾನ ಮನೆಗೆ ಹೋಗಿ, ತಮ್ಮನನ್ನು ಕಂಡು ಬಂದೆ ಅಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಮೊದಲ ಸಲ 'ಹೋಗಿದ್ದೆ' ಅಂದೆ, ಅಷ್ಟ. ಜನ ಅತ್ತರು. ಮುಂದಿನ ಸಲ ಬಾಗಿಲಾ ಬಂತು. ಆಮ್ಯಾಲೆ ನೀರು ಬಂತು. ಹಂಗ ಮಾಡಬೇಕಂತ ನನಗ ಭಾಳ ಇತ್ತು ಯವ್ವಾ."

"ನಾನು ನಂಬಿದ್ದೆ ಕಾಕಾ. ಅವ್ವ ನನ್ನ ಬಿಟ್ಟಳು."

"ನೀ ಹೋಗಿ ಬಂದೆಲ್ಲ. ಒಳ್ಳೇದ ಆತಲ್ಲ."

ಸುಳ್ಳಿಗಿಂತ ಈ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. ತಾವು ತಟ್ಟಲಾಗದ ಬಾಗಿಲಿಗೆ ನನ್ನನ್ನು ಒಬ್ಬಳನ್ನೇ ಕಳಿಸಿ, ಅದರ ಫಲದಲ್ಲೂ ಪಾಲು ಕೇಳಿದಂತಿತ್ತು. ಸಭೆಯ ಮುಂದೆ ನಿಜ ಹೇಳಿರಿ ಅಂದೆ. ಒಪ್ಪಿದರು. ಭಾನುವಾರ ಎದ್ದು ನಿಂತು, ಮೊಣಕಾಲು ನೋವಿದೆ, ಪ್ರಾರ್ಥಿಸಿರಿ ಎಂದು ಹೇಳಿ ಕೂತರು. ಸಭಾಪಾಲಕರ ಹತ್ತಿರ ಹೋದೆ. "ಆ ಸಾಕ್ಷಿ ಕೇಳಿ ಎಷ್ಟೋ ಮನಿ ಕೂಡ್ಯಾವ. ಕೆದಕಬ್ಯಾಡ ತಂಗಿ," ಅಂದರು ಅವರು.

ಕರ್ತನನ್ನು ಅರಿಯೆನೆಂದು ಮೂರು ಸಲ ಹೇಳಿದ ಶಿಷ್ಯನನ್ನು ಚಿಕ್ಕಂದಿನಿಂದ ಪ್ರೀತಿಸಿದವಳು ನಾನು. ಬಿದ್ದವರನ್ನು ಮೆಚ್ಚುವುದು ನಮಗೆ ಹೊಸದಲ್ಲ. ಆದರೆ ಅವನು ಬಿದ್ದದ್ದನ್ನು ಸತ್ಯವೇದದಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಕಾಕಾ ಆ ಚಹಾದ ಅಂಗಡಿಯ ಅರ್ಧ ತಾಸನ್ನೇ ಹೇಳಿದ್ದರೆ ಸಾಕಿತ್ತು. ನಾನು ಆಗಲೂ ಹುಬ್ಬಳ್ಳಿಗೆ ಹೋಗುತ್ತಿದ್ದೆ, ಬಹುಶಃ ಇನ್ನೂ ಬೇಗ.

ಅವರು ಆ ಸಾಕ್ಷಿ ಹೇಳುವುದನ್ನು ನಿಲ್ಲಿಸಿದ್ದಾರೆ. ಕಾರಣವನ್ನು ಯಾರೂ ಕೇಳಲಿಲ್ಲ. ಕರ್ತನ ಭೋಜನದ ದಿನ ದ್ರಾಕ್ಷಾರಸದ ಬಟ್ಟಲುಗಳ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಬರುವವರು ಈಗಲೂ ಅವರೇ. ಮೊದಲ ತಿಂಗಳು ನಾನು ಕೈ ಚಾಚಲಿಲ್ಲ. ಎರಡನೆಯ ತಿಂಗಳು, ಇದು ಅವರ ಬಟ್ಟಲಲ್ಲ, ಕರ್ತನದು ಎಂದು ನನಗೆ ನಾನೇ ಹೇಳಿಕೊಂಡು ತೆಗೆದುಕೊಂಡೆ. ಅವರು ಮೆಲ್ಲಗೆ "ಯವ್ವಾ" ಅಂದರು. ನಾನು ತಲೆ ಎತ್ತಲಿಲ್ಲ.