ಸಮುದ್ರದ ನೀರು ಆರಿಸಿದ ಖಾಲಾ

ಕಮಲಾಪುರದ ಶಾಲೆಯಲ್ಲಿ ಪಾಠ ಮುಗಿಸಿ ಕಲಬುರಗಿಯ ಮನೆಗೆ ಬಂದು ಬಾಗಿಲು ತೆರೆದರೆ, ಉರ್ದುವಿನ ಚಿಕ್ಕಮ್ಮನಂತೆ ನಾವು ಖಾಲಾ ಎಂದು ಕರೆಯುವ ಪಕ್ಕದ ಮನೆಯವರು ಸ್ಟೂಲ್ ಮೇಲೆ ನಿಂತು ನನ್ನ ಮಗಳು ಪಲ್ಲವಿಯ ಮೀನಿನ ತೊಟ್ಟಿಗೆ ತಂಬಿಗೆಯಿಂದ ನೀರು ಸುರಿಯುತ್ತಿದ್ದರು. ಅದು ಸಮುದ್ರದ ಮೀನುಗಳ ತೊಟ್ಟಿ. ಹೈದರಾಬಾದಿನಿಂದ ಉಪ್ಪು, ಹವಳದ ಕಲ್ಲು, ಎರಡು ಕಿತ್ತಳೆ ಬಣ್ಣದ ಮೀನು ತರಿಸಿ, ನಾನೂ ಒಂಬತ್ತು ವರ್ಷದ ಪಲ್ಲವಿಯೂ ತಿಂಗಳುಗಟ್ಟಲೆ ಒದ್ದಾಡಿ ಹೊಂದಿಸಿದ್ದೆವು. ಅದಕ್ಕೆ ನಳದ ನೀರು ಬಿದ್ದರೆ ಎಲ್ಲ ಮುಗಿದಂತೆ.

"ಮಧ್ಯಾನದಿಂದ ಕರೆಂಟ್ ಇಲ್ಲ, ಆಯಿ. ತೊಟ್ಟಿ ಪಂಪ್ ಬಂದ್ ಆಗ್ಯಾದ. ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ತಿದ್ದವು. ಅದಕ್ಕ ಖಾಲಾನ ಕರದೆ," ಎಂದಳು ಪಲ್ಲವಿ.

ಹತ್ತಿರ ಹೋಗಿ ನೋಡಿದೆ. ಖಾಲಾ ತೊಟ್ಟಿಯ ನೀರನ್ನೇ ತುಂಬಿಕೊಂಡು, ಕೈ ಎತ್ತರಿಸಿ, ಮತ್ತೆ ಅದಕ್ಕೇ ಸುರಿಯುತ್ತಿದ್ದರು.

"ಪಾಪ, ಧಗಿಗಿ ಬಾಯಿ ಬಿಡ್ತಾವ್ರಿ ಟೀಚರಬಾಯಿ. ಕೂಸಿಗಿ ಹಾಲು ಆರಿಸಿದಂಗ ಆರಸಾಕತ್ತೀನಿ," ಎಂದರು.

ಅಂದು ಅವರಿಗೆ ರೋಜಾ ಉಪವಾಸ. ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದವರು ಮಧ್ಯಾಹ್ನವೆಲ್ಲ ನೀರು ಎತ್ತಿ ಸುರಿದಿದ್ದರು. ತಂಬಿಗೆ ಕೇಳಿದರೂ ಕೊಡಲಿಲ್ಲ. ಕರೆಂಟ್ ಬಂದು ಪಂಪ್ ಗುರುಗುಟ್ಟಿದ ಮೇಲೆಯೇ ಇಳಿದರು. ಸಂಜೆ ಅವರು ರೋಜಾ ಬಿಡುವ ಹೊತ್ತಿಗೆ ಮೊದಲ ಲೋಟ ನೀರು ಒಯ್ದು ಕೊಟ್ಟವಳು ಪಲ್ಲವಿ.

ಎತ್ತರದಿಂದ ಸುರಿದಾಗ ನೀರಿಗೆ ಗಾಳಿ ಬೆರೆತು ಮೀನು ಉಳಿದವು ಎಂದು ಆಮೇಲೆ ಓದಿ ತಿಳಿದೆ. ಖಾಲಾಗೆ ಹೇಳಲು ಹೋಗಲಿಲ್ಲ. ನಮ್ಮ ಮನೆಯಲ್ಲಿ ಇಂದಿಗೂ, ಆ ಮೀನುಗಳಿಗೆ ಅಂದು ಧಗೆಯಾಗಿತ್ತು, ಖಾಲಾ ಆರಿಸಿಕೊಟ್ಟರು ಎಂದೇ ಮಾತು.